ನಿವೃತ್ತರಾದ ಮೇಲೆ ಊರಿನ ಕೆಲಸಕ್ಕೆ ಇಳಿಯುವ ಶಿಕ್ಷಕರಿಗೆ

ಸರಕಾರಿ ಶಾಲೆಯಲ್ಲಿ ದುಡಿದವರಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಬೀಳ್ಕೊಡುಗೆ ನಡೆಯುತ್ತದೆ. ಶಾಲು, ಹಾರ, ಶಾಲೆಯ ಮೆಟ್ಟಿಲ ಮೇಲೆ ಎಲ್ಲರೂ ಕೂಡಿ ತೆಗೆಸಿಕೊಂಡ ಫೋಟೋ, ಮನೆಯ ತನಕ ಬಂದು ಬಿಟ್ಟು ಹೋಗುವ ಮಕ್ಕಳು ಎಲ್ಲ ಮುಗಿದ ಮೇಲೆ, ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೆಳಿಗ್ಗೆ ಒಂಬತ್ತೂವರೆ ಆಗುತ್ತಿದ್ದಂತೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ, ಕೈ ಬುತ್ತಿಯ ಡಬ್ಬಿ ಹುಡುಕುತ್ತದೆ. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನನಗೂ ಹಾಗೆಯೇ ಆಯಿತು. ಆ ಹೊತ್ತಿನಲ್ಲಿ ಏನು ಮಾಡಬೇಕು, ಯಾರನ್ನು ಕೇಳಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಈ ವರ್ಷ ಅಥವಾ ಮುಂದಿನ ವರ್ಷ ನಿವೃತ್ತರಾಗಲಿರುವ ಶಿಕ್ಷಕ ಬಂಧುಗಳಿಗೆ ಅದನ್ನು ಹೇಳಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮುಂದೆ ಹೇಳುವುದೆಲ್ಲವೂ ನಿಂತಿರುವುದು ಒಂದೇ ಮಾತಿನ ಮೇಲೆ. ಒಂದು ಸಣ್ಣ ಕೆಲಸವನ್ನು ಹಿಡಿಯಿರಿ, ಅದಕ್ಕೊಂದು ಜಾಗ ಮತ್ತು ಒಂದು ಗೊತ್ತಾದ ಹೊತ್ತನ್ನು ಇಟ್ಟುಕೊಳ್ಳಿ, ಆ ಹೊತ್ತನ್ನು ತಪ್ಪಿಸಬೇಡಿ. ಊರಿನಲ್ಲಿ ಸಮಾರಂಭಕ್ಕೆ ಅಧ್ಯಕ್ಷತೆ ವಹಿಸುವವರಿಗೆ ಕೊರತೆಯಿಲ್ಲ. ವಾರಕ್ಕೆ ಮೂರು ದಿನ ಸಂಜೆ ನಾಲ್ಕೂವರೆಗೆ ತಪ್ಪದೆ ಬಂದು ಕೂರುವವರಿಗೆ ಕೊರತೆಯಿದೆ, ಮತ್ತು ಆ ಅಭ್ಯಾಸ ನಮ್ಮ ಮೈಗೆ ಹತ್ತಿರುವಷ್ಟು ಬೇರೆಯವರಿಗೆ ಹತ್ತಿರುವುದಿಲ್ಲ.

ಮೊದಲ ಮೂರು ತಿಂಗಳು

ಈ ಅವಧಿಯಲ್ಲಿ ಹೊಸ ಜವಾಬ್ದಾರಿಯನ್ನು ಒಪ್ಪಿಕೊಳ್ಳಬೇಡಿ. ಪಿಂಚಣಿಯ ಕಾಗದಪತ್ರ, ಗಳಿಕೆ ರಜೆಯ ಹಣ, ಬ್ಯಾಂಕಿನ ಕೆಲಸಗಳನ್ನು ಮುಗಿಸಿಕೊಳ್ಳಿ. ಕಣ್ಣು, ಸಕ್ಕರೆ, ರಕ್ತದೊತ್ತಡಗಳನ್ನು ತೋರಿಸಿಕೊಳ್ಳಿ. ಮೊಬೈಲಿನಲ್ಲಿ ಜೀವನ ಪ್ರಮಾಣಪತ್ರ ಸಲ್ಲಿಸುವ ಕ್ರಮವನ್ನು ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಕಲಿತುಕೊಳ್ಳಿ, ಏಕೆಂದರೆ ಮುಂದೆ ಓಣಿಯ ಇತರ ಪಿಂಚಣಿದಾರರು ಅದಕ್ಕಾಗಿ ನಿಮ್ಮ ಮನೆಗೇ ಬರುತ್ತಾರೆ. ಮನೆಯವರೊಡನೆ ಕೂತು ವಾರದಲ್ಲಿ ಎಷ್ಟು ಗಂಟೆ ಹೊರಗೆ ಕೊಡಬಹುದೆಂದು ಮಾತಾಡಿ ಗೊತ್ತು ಮಾಡಿಕೊಳ್ಳಿ. ನಾನು ಆರು ಗಂಟೆ ಎಂದು ಗೊತ್ತು ಮಾಡಿಕೊಂಡೆ. ಮೊದಲ ವರ್ಷಕ್ಕೆ ಅದು ಸಾಕು, ಕೆಲವರಿಗೆ ಮೂರು ಗಂಟೆಯೇ ಸಾಕಾದೀತು.

ಊರನ್ನು ಕೇಳುವುದು

ನಾಲ್ಕನೆಯ ತಿಂಗಳಿನಿಂದ ಒಂದು ನೋಟುಬುಕ್ಕು ಹಿಡಿದುಕೊಂಡು ಊರು ತಿರುಗಿ. ಶಾಲೆಯ ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಮಹಿಳಾ ಸ್ವಸಹಾಯ ಸಂಘದ ಮುಂದಾಳುಗಳು, ಹಾಲಿನ ಡೇರಿಯ ಕಾರ್ಯದರ್ಶಿ ಇವರೆಲ್ಲರನ್ನೂ ಒಂದೊಂದು ಸಂಜೆ ಕಂಡು ಮಾತಾಡಿಸಿ. ಕೇಳುವ ಪ್ರಶ್ನೆ ಮಾತ್ರ ಸರಿಯಾಗಿರಬೇಕು. "ನನ್ನಿಂದ ಏನಾದರೂ ಆಗಬೇಕೇ" ಎಂದು ಕೇಳಿದರೆ ಎಲ್ಲರೂ ಕೈಮುಗಿದು, "ನೀವು ಬಂದದ್ದs ದೊಡ್ಡದು ಬಿಡ್ರಿ ಅಕ್ಕೋರ, ಚಾ ಕುಡೀರಿ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು, "ಮಾಡಬೇಕು ಅಂತ ಇದ್ದು, ಮಾಡೋರು ಇಲ್ಲದ ನಿಂತ ಕೆಲಸ ಯಾವ್ದದ?" ಎಂದು ಕೇಳಿದರೆ ಗ್ರಂಥಾಲಯದ ಮೇಲ್ವಿಚಾರಕರು ಕಪಾಟಿನಲ್ಲಿ ಕಟ್ಟು ಬಿಚ್ಚದೆ ಇಟ್ಟ ಮಕ್ಕಳ ಪುಸ್ತಕಗಳನ್ನು ತೋರಿಸುತ್ತಾರೆ, ಸಂಘದ ಹೆಣ್ಣುಮಕ್ಕಳು ಲೆಕ್ಕದ ಪುಸ್ತಕ ಬರೆಯಲು ಹೊರಗಿನವರಿಗೆ ದುಡ್ಡು ಕೊಡುತ್ತಿರುವುದನ್ನು ಹೇಳುತ್ತಾರೆ. ಕೇಳಿದ್ದನ್ನೆಲ್ಲ ಬರೆದುಕೊಳ್ಳಿ, ಯಾವುದಕ್ಕೂ ಆ ಸಂಜೆಯೇ ಒಪ್ಪಿಗೆ ಕೊಡಬೇಡಿ.

ಗ್ರಾಮಸಭೆ ನಡೆಯುವ ದಿನ ತಪ್ಪದೆ ಹೋಗಿ, ಮೊದಲ ಸಲ ಸುಮ್ಮನೆ ಕೂತು ಕೇಳಿ ಬನ್ನಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆಂದು ಕಾನೂನು ಇದೆ. ನವೆಂಬರ್ ಸುಮಾರಿಗೆ ನಡೆಯುವ ಮಕ್ಕಳ ಗ್ರಾಮಸಭೆಯಂತೂ ನಮ್ಮಂಥವರು ಕೂತು ಕೇಳಲೇಬೇಕಾದದ್ದು. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ದಾರಿಯಲ್ಲಿ ಸಾರಾಯಿ ಕುಡಿದವರು ನಿಂತಿರುತ್ತಾರೆ ಎಂದು ಮಕ್ಕಳು ಎದ್ದು ನಿಂತು ಹೇಳಿದ ಮಾತುಗಳನ್ನು ಮುಂದಿನ ಸಭೆಯ ತನಕ ನೆನಪಿಟ್ಟು, ಅವು ಎಲ್ಲಿಗೆ ಬಂದವು ಎಂದು ಪಂಚಾಯಿತಿಯಲ್ಲಿ ವಿಚಾರಿಸುವ ಒಬ್ಬ ಹಿರಿಯರು ಪ್ರತಿ ಊರಿಗೂ ಬೇಕು. ಹುಬ್ಬಳ್ಳಿ-ಧಾರವಾಡದಂಥ ಪಟ್ಟಣದಲ್ಲಿ ಇರುವವರು ವಾರ್ಡ್ ಸಭೆಗಳನ್ನೂ, ಉಣಕಲ್ ಕೆರೆ ಅಥವಾ ಸಾಧನಕೇರಿಯ ದಂಡೆಯಲ್ಲಿ ಬೆಳಿಗ್ಗೆ ತಿರುಗಾಡಲು ಬರುವ ಹಿರಿಯರ ಗುಂಪುಗಳನ್ನೂ ಇದೇ ರೀತಿ ಬಳಸಿಕೊಳ್ಳಬಹುದು.

ಓದಿನ ತರಗತಿ: ಎಲ್ಲಕ್ಕಿಂತ ಮೊದಲು ಇದನ್ನೇ ಏಕೆ ಹೇಳುತ್ತೇನೆ

ನೋಟುಬುಕ್ಕಿನಲ್ಲಿ ಹತ್ತು ಕೆಲಸ ಬರೆದುಕೊಂಡು ಬಂದಿದ್ದರೂ, ಪ್ರಾಥಮಿಕ ಶಾಲೆಯಲ್ಲಿ ದುಡಿದವರು ಮೊದಲು ಹಿಡಿಯಬೇಕಾದದ್ದು ಓದಿನ ಕೆಲಸವೆಂದು ನನ್ನ ಖಚಿತ ಅಭಿಪ್ರಾಯ. ಒಂದರಿಂದ ಮೂರನೆಯ ತರಗತಿಯ ತನಕ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ತಮ್ಮ ತಮ್ಮ ಹೆಜ್ಜೆಯಲ್ಲಿ ಕಲಿಯುತ್ತಾರೆ. ನಾಲ್ಕನೆಯದಕ್ಕೆ ಬಂದ ಕೂಡಲೇ ಪಾಠ ಎಲ್ಲರಿಗೂ ಒಂದೇ ಆಗುತ್ತದೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ವಾರಗಟ್ಟಲೆ ಹೊಲಕ್ಕೆ ಹೋದ ಮಗು, ತಂದೆತಾಯಿಯೊಡನೆ ಗುಳೆ ಹೋಗಿ ಬಂದ ಮಗು ಅಲ್ಲಿ ಹಿಂದೆ ಬೀಳುತ್ತದೆ. ತರಗತಿಯ ಶಿಕ್ಷಕರಿಗೆ ಅದು ಗೊತ್ತಿರುತ್ತದೆ, ಆದರೆ ಆ ಒಂದು ಮಗುವಿನ ಪಕ್ಕದಲ್ಲಿ ಕೂರಲು ಅವರಿಗೆ ಹೊತ್ತು ಸಿಗುವುದಿಲ್ಲ. ಆ ಹೊತ್ತು ನಮ್ಮ ಬಳಿ ಇದೆ.

ಆರಂಭಿಸುವ ಕ್ರಮ ಹೀಗಿರಲಿ. ಮೂರನೆಯ ತರಗತಿಯ ಕನ್ನಡ ಪುಸ್ತಕದಿಂದ ಐದಾರು ಸಾಲಿನ ಒಂದು ಭಾಗವನ್ನು ಆರಿಸಿ, ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ. ಉಳಿದ ಮಕ್ಕಳ ಎದುರಿಗೆ ಓದಿಸಬೇಡಿ. ಮಗು ಅಕ್ಷರದಲ್ಲೇ ನಿಲ್ಲುತ್ತದೆಯೋ, ಕಾಗುಣಿತದಲ್ಲಿ ಎಡವುತ್ತದೆಯೋ, ಒತ್ತಕ್ಷರಕ್ಕೆ ಬಂದಾಗ ತಡವರಿಸುತ್ತದೆಯೋ, ಅಥವಾ ಸರಾಗವಾಗಿ ಓದಿಯೂ ಅರ್ಥ ಹೇಳಲಾರದೆ ಹೋಗುತ್ತದೆಯೋ ಎಂಬುದನ್ನು ಹೆಸರಿನ ಮುಂದೆ ಗುರುತು ಮಾಡಿಕೊಳ್ಳಿ. ಎಂಟು ಮಕ್ಕಳಿಗಿಂತ ಹೆಚ್ಚು ಜನರನ್ನು ಒಂದು ಗುಂಪಿಗೆ ಸೇರಿಸಿಕೊಳ್ಳಬೇಡಿ. ಹದಿನೈದು ಆದರೆ ಅದು ಮತ್ತೆ ತರಗತಿಯೇ ಆಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಸಾಕು. ಮೊದಲ ಹತ್ತು ನಿಮಿಷ ನೀವೇ ಒಂದು ಕಥೆಯನ್ನು ಪುಸ್ತಕ ಹಿಡಿದು ಗಟ್ಟಿಯಾಗಿ ಓದಿ ಹೇಳಿ, ಮುಂದಿನ ಅರ್ಧ ಗಂಟೆ ಪ್ರತಿ ಮಗುವೂ ತನಗೆ ತಕ್ಕ ಪುಟವನ್ನು ಓದಲಿ, ಕೊನೆಯ ಐದು ನಿಮಿಷ ಆ ದಿನ ಮನೆಯಲ್ಲೋ ಹೊಲದಲ್ಲೋ ನಡೆದದ್ದನ್ನು ಎರಡು ಸಾಲಿನಲ್ಲಿ ಬರೆಯಲಿ.

ನನ್ನ ಮೊದಲ ಗುಂಪಿನಲ್ಲಿ ಆರನೆಯ ತರಗತಿಯ ಒಬ್ಬ ಹುಡುಗನಿದ್ದ. ಊರಿಗೆ ಬರುವ ಬಸ್ಸಿನ ಫಲಕದಲ್ಲಿ "ಬ್ಯಾಡಗಿ" ಎಂದಿದ್ದರೆ ದೂರದಿಂದಲೇ ಓದುತ್ತಿದ್ದ, ಆದರೆ ಪುಸ್ತಕದಲ್ಲಿ "ವ್ಯಾಪಾರ" ಎಂಬ ಶಬ್ದ ಬಂದ ಕೂಡಲೇ ತಲೆ ಬಗ್ಗಿಸಿ ಕೂರುತ್ತಿದ್ದ. ಬಸ್ಸಿನ ಹೆಸರನ್ನು ಅವನು ಒಂದು ಚಿತ್ರದಂತೆ ಗುರುತು ಹಿಡಿಯುತ್ತಿದ್ದನೇ ಹೊರತು ಓದುತ್ತಿರಲಿಲ್ಲ ಎಂಬುದು ನನಗೆ ತಿಳಿಯಲು ಎರಡು ವಾರ ಬೇಕಾಯಿತು. ಒಂದು ದಿನ ಪಾಟಿಯ ಮೇಲೆ ಎರಡೂ ಶಬ್ದಗಳನ್ನು ಒಂದರ ಕೆಳಗೊಂದು ಬರೆದು ಅವನ ಮುಂದಿಟ್ಟು ಸುಮ್ಮನೆ ಕೂತೆ. ಬಹಳ ಹೊತ್ತು ನೋಡಿದ. ಆಮೇಲೆ "ಬ್ಯಾ"ದ ಪಕ್ಕದಲ್ಲಿ ಬಾಲದಂತೆ ಮೇಲಕ್ಕೆ ತಿರುಗಿದ ಯ ಒತ್ತಿನ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ಕೆಳಗಿನ ಶಬ್ದಕ್ಕೆ ಇಳಿಸಿ, "ಅಕ್ಕೋರ, ಇದೂ ಅದs ಐತಿ" ಎಂದ. ಆ ವಾರವೆಲ್ಲ ಊರಿನ ಗೋಡೆಗಳ ಮೇಲೆ, ಬ್ಯಾಂಕಿನ ಫಲಕದ ಮೇಲೆ, ನ್ಯಾಯಬೆಲೆ ಅಂಗಡಿಯ ಬಾಗಿಲ ಮೇಲೆ ಯ ಒತ್ತನ್ನು ಹುಡುಕಿ ಬರೆದುಕೊಂಡು ಬರುತ್ತಿದ್ದ. ಮಗು ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದೇ ಈ ಕೆಲಸದ ಮುಖ್ಯ ಭಾಗ, ಮತ್ತು ಅದಕ್ಕೆ ಮೂವತ್ತು ವರ್ಷ ಮಕ್ಕಳ ಓದನ್ನು ಕೇಳಿದ ಕಿವಿ ಬೇಕು.

ಜಾಗಕ್ಕೆ ಪಂಚಾಯಿತಿಯ ಗ್ರಂಥಾಲಯ ಒಳ್ಳೆಯದು. 2019ರ ನಂತರ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದು, ಈಗ ಅರಿವು ಕೇಂದ್ರಗಳೆಂದು ಕರೆಯಿಸಿಕೊಳ್ಳುತ್ತಿವೆ. "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ಮೇಲ್ವಿಚಾರಕರೊಡನೆ ಮಾತಾಡಿ, ಅವರು ಬಾಗಿಲು ತೆರೆದಿರುವ ಹೊತ್ತಿಗೇ ನಿಮ್ಮ ಹೊತ್ತನ್ನು ಹೊಂದಿಸಿಕೊಳ್ಳಿ. ಅವರನ್ನು ಹೆಚ್ಚು ಹೊತ್ತು ಕಾಯಿಸುವುದು ನ್ಯಾಯವಲ್ಲ.

ಶಾಲೆಯ ಬಾಗಿಲಲ್ಲಿ ನಿಂತು ಕೇಳಿಕೊಳ್ಳಬೇಕು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಿವೃತ್ತಳಾದ ವರ್ಷದ ಜೂನ್ ತಿಂಗಳಲ್ಲಿ ಪರಿಚಯದ ಶಾಲೆಯೊಂದಕ್ಕೆ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ ಐದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಹೊಸದಾಗಿ ಬಂದ ಶಿಕ್ಷಕಿ ಭಾಗಾಕಾರ ಹೇಳಿಕೊಡುತ್ತಿದ್ದರು. ಅವರ ಕ್ರಮ ನನ್ನದಕ್ಕಿಂತ ಬೇರೆಯಾಗಿತ್ತು. ನಾನು ಎದ್ದು ಹೋಗಿ, "ಹಿಂಗ ಹೇಳಿದ್ರ ಮಕ್ಕಳಿಗೆ ತಿಳಿಯೂದಿಲ್ಲವ್ವಾ" ಎಂದು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆಯತೊಡಗಿದೆ. ಮಕ್ಕಳೆಲ್ಲ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದರು. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ಮರುದಿನ ನಾನು ಹೋದಾಗ ಶಾಲೆಯಲ್ಲಿ ಯಾರೂ ನನ್ನನ್ನು ಬನ್ನಿ ಎನ್ನಲಿಲ್ಲ, ಮತ್ತು ಅದು ಸರಿಯಾಗಿಯೇ ಇತ್ತು. ಆ ಶಿಕ್ಷಕಿಯ ಮನೆಗೆ ಹೋಗಿ ಕ್ಷಮೆ ಕೇಳಿಕೊಂಡೆ. ಅವರು ಮತ್ತೆ ನನ್ನನ್ನು ಕರೆಯಲು ಒಂದು ವರ್ಷ ಹಿಡಿಯಿತು.

ಆದ್ದರಿಂದ ಕ್ರಮವನ್ನು ತಪ್ಪಿಸಬೇಡಿ. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ತರಗತಿಯ ಎಷ್ಟು ಮಕ್ಕಳಿಗೆ, ವಾರದ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ, ಯಾವ ಕೋಣೆಯಲ್ಲಿ, ಯಾವ ಸಂಭಾವನೆಯೂ ಇಲ್ಲದೆ, ಯಾವ ತಿಂಗಳಿನ ತನಕ ಎಂಬುದೆಲ್ಲ ಅದರಲ್ಲಿ ಇರಲಿ. ಆ ಪತ್ರವನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ಮುಂದಿಟ್ಟು ಠರಾವು ಬರೆಯಿಸುವಂತೆ ಕೇಳಿಕೊಳ್ಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಪ್ರತಿ ಹೋಗಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಅವರಲ್ಲಿ ಹಲವರು ನಿಮ್ಮ ಹಳೆಯ ವಿದ್ಯಾರ್ಥಿಗಳಾಗಿರುತ್ತಾರೆ ಎಂದು ಸಲಿಗೆಯಿಂದ ಅಧಿಕಾರ ನಡೆಸದೆ, ಈಗ ಅವರು ಪಾಲಕರು, ತಾವು ಕೇಳಿಕೊಳ್ಳಲು ಬಂದವರು ಎಂಬಂತೆ ನಡೆದುಕೊಳ್ಳಬೇಕು. ಕೇಂದ್ರ ಶಿಕ್ಷಣ ಸಚಿವಾಲಯವು 2021ರಲ್ಲಿ ಹೊಸ ರೂಪದಲ್ಲಿ ಆರಂಭಿಸಿದ ವಿದ್ಯಾಂಜಲಿ ಜಾಲತಾಣದಲ್ಲಿ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿಕೊಳ್ಳುವ ದಾರಿಯೂ ಇದೆ. ಶಾಲೆಗಳು ತಮಗೆ ಬೇಕಾದ ನೆರವನ್ನು ಅಲ್ಲಿ ನಮೂದಿಸುತ್ತವೆ. ಪತ್ರವನ್ನು ಕೊಡುವುದು ಮುಖ್ಯ, ಜಾಲತಾಣದ ನೋಂದಣಿ ಅದಕ್ಕೆ ಪೂರಕ.

ತರಗತಿಯ ಶಿಕ್ಷಕರ ಬಗ್ಗೆ ಪಾಲಕರು ನಿಮ್ಮೆದುರು ದೂರು ಹೇಳಿದರೆ ಕೇಳಿಸಿಕೊಳ್ಳಬೇಡಿ. "ನಿಮ್ಮ ಕಾಲದಾಗ ಸಾಲಿ ಹೆಂಗಿತ್ತು, ಈಗ ಹೆಂಗಾಗೇತಿ ನೋಡ್ರಿ" ಎಂಬ ಮಾತು ದಿನವೂ ಬರುತ್ತದೆ. ಈಗಿನ ಶಿಕ್ಷಕರ ಮೇಲಿರುವ ದಾಖಲೆ ತುಂಬುವ, ಮೊಬೈಲಿನಲ್ಲಿ ಮಾಹಿತಿ ಕಳಿಸುವ ಕೆಲಸದ ಹೊರೆ ನಮ್ಮ ಕಾಲದಲ್ಲಿ ಇರಲಿಲ್ಲವೆಂಬುದನ್ನು ನಾವೇ ಹೇಳದಿದ್ದರೆ ಪಾಲಕರಿಗೆ ಬೇರೆ ಯಾರು ಹೇಳಬೇಕು?

ದೊಡ್ಡವರ ಅಕ್ಷರ

ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ ಕೂತರೆ, ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದಾರೆ ಎಂಬುದು ಕಾಣುತ್ತದೆ. ಹದಿನೈದು ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗಾಗಿ 2022ರಿಂದ 2027ರ ತನಕ ನಡೆಯುವ "ಉಲ್ಲಾಸ್" ಕಾರ್ಯಕ್ರಮವಿದೆ. ಅದರಲ್ಲಿ ಸ್ವಯಂಸೇವಕರೇ ಕಲಿಸುವವರು, ಕೊನೆಗೆ ಓದು, ಬರಹ, ಲೆಕ್ಕಗಳಿಗೆ 50ರಂತೆ ಒಟ್ಟು 150 ಅಂಕಗಳ ಒಂದು ಪರೀಕ್ಷೆ. ಹೆಸರು ನೋಂದಾಯಿಸಲು ಜಿಲ್ಲೆಯ ವಯಸ್ಕರ ಶಿಕ್ಷಣ ಕಚೇರಿಯನ್ನು ವಿಚಾರಿಸಿ. ನೋಂದಣಿ ಆಗುವ ತನಕ ಕಾಯಬೇಕಾಗಿಲ್ಲ, ನಾಲ್ಕು ಜನ ಹೆಣ್ಣುಮಕ್ಕಳು ಒಪ್ಪಿದರೆ ನಾಳೆಯೇ ಕೂರಬಹುದು.

ಮಕ್ಕಳಿಗೆ ಕಲಿಸಿದಂತೆ ದೊಡ್ಡವರಿಗೆ ಕಲಿಸಲಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸಿ ಅರಸ, ಗರಗಸ, ಸರ ಎಂದು ಶಬ್ದ ಕಟ್ಟುವುದು ನಮಗೆ ಬಾಯಿಪಾಠ, ಆದರೆ ಐವತ್ತು ದಾಟಿದ ತಾಯಿಗೆ ಗರಗಸದಿಂದ ಆಗಬೇಕಾದದ್ದು ಏನೂ ಇಲ್ಲ. ಅವರಿಗೆ ಏನು ಬೇಕೆಂದು ಮೊದಲು ಕೇಳಿ. ನನ್ನ ಗುಂಪಿನ ಒಬ್ಬ ತಾಯಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಸಣ್ಣ ಮೊಬೈಲನ್ನು ಬಿಚ್ಚಿ ನನ್ನ ಕೈಗಿಟ್ಟು, "ಗೃಹಲಕ್ಷ್ಮಿ ರೊಕ್ಕ ಬಂದದ್ದು ನನಗs ತಿಳೀಬೇಕ್ರಿ ಅಕ್ಕೋರ, ಮಗನ್ನ ಕೇಳೂದು ಸಾಕಾಗೇತಿ" ಎಂದರು. ಬ್ಯಾಂಕಿನಿಂದ ಬರುವ ಆ ಸಂದೇಶ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಅಕ್ಷರಕ್ಕಿಂತ ಮುಂಚೆ ಅಂಕಿ ಹಿಡಿದೆವು. 2,000 ಎಂಬುದನ್ನು ಗುರುತಿಸುವುದು, ಅದರ ಮುಂದಿರುವ ದಿನಾಂಕವನ್ನು ಓದುವುದು, ಕೊನೆಗೆ ಉಳಿದ ಮೊತ್ತ ಯಾವುದೆಂದು ಹುಡುಕುವುದು, ಇಷ್ಟಕ್ಕೆ ಮೂರು ವಾರ ಹಿಡಿಯಿತು. ಆಮೇಲೆ ತಮ್ಮ ಹೆಸರು, ಆಮೇಲೆ ಮಕ್ಕಳ ಹೆಸರು, ಆಮೇಲೆ ಬಸ್ಸಿನ ಫಲಕ. ವರ್ಣಮಾಲೆಯ ಕ್ರಮಕ್ಕೆ ಅವರಾಗಿಯೇ ಬಂದದ್ದು ಐದನೆಯ ತಿಂಗಳಿನಲ್ಲಿ. ಸುಗ್ಗಿಯ ದಿನಗಳಲ್ಲಿ ತರಗತಿಯನ್ನು ರಾತ್ರಿ ಊಟದ ನಂತರಕ್ಕೆ ಹಾಕಿಕೊಳ್ಳಿ, ಅಥವಾ ನಿಲ್ಲಿಸಿ, ಮತ್ತೆ ಯಾವ ದಿನ ಕೂಡುವುದೆಂದು ಮೊದಲೇ ಗೊತ್ತು ಮಾಡಿಕೊಂಡು ನಿಲ್ಲಿಸಿ.

ಪ್ರೌಢಶಾಲೆಯಲ್ಲಿ ದುಡಿದವರಿಗೆ

ಸರಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ಪಿಯುಸಿ ಎರಡನೆಯ ವರ್ಷದ ತನಕ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ಸಿಗುತ್ತದೆ. ಪಾಲಕರ ವರಮಾನ ವರ್ಷಕ್ಕೆ ಮೂರೂವರೆ ಲಕ್ಷಕ್ಕಿಂತ ಹೆಚ್ಚಿರಬಾರದು. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಪಠ್ಯ ವಿಷಯಗಳಿಗೆ 90 ಪ್ರಶ್ನೆ. ಪಠ್ಯದ ಭಾಗಕ್ಕೆ ಮಕ್ಕಳು ಹೇಗೋ ತಯಾರಾಗುತ್ತಾರೆ; ಸಂಖ್ಯೆಗಳ ಸರಣಿ, ಸಂಕೇತ ಬಿಡಿಸುವುದು, ಕನ್ನಡಿಯಲ್ಲಿನ ಆಕೃತಿ ಇಂಥವನ್ನು ಮೊದಲ ಬಾರಿ ಪರೀಕ್ಷೆಯ ಕೋಣೆಯಲ್ಲಿಯೇ ನೋಡುತ್ತಾರೆ. ಜೂನ್ ತಿಂಗಳಿನಿಂದ ವಾರಕ್ಕೆ ಎರಡು ಗಂಟೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಈ ಹೆದರಿಕೆ ಹೋಗುತ್ತದೆ.

ಆದರೆ ಪಾಠದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಇಲ್ಲಿದೆ. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವುದರಿಂದ, ವರಮಾನ ಪ್ರಮಾಣಪತ್ರ ಹೊತ್ತಿಗೆ ಸಿಗದೆ ಹೋಗುವುದರಿಂದ, ಆಯ್ಕೆಯಾದ ಮೇಲೂ ಪ್ರತಿ ವರ್ಷ ಮಾಡಬೇಕಾದ ನವೀಕರಣವನ್ನು ಮಾಡದೆ ಬಿಡುವುದರಿಂದ ಮಕ್ಕಳು ಹಣ ಕಳೆದುಕೊಳ್ಳುತ್ತಾರೆ. ಹತ್ತು ಮಕ್ಕಳ ಹೆಸರು, ಬೇಕಾದ ಕಾಗದ, ಕೊನೆಯ ದಿನಾಂಕ ಎಂದು ಒಂದು ಪಟ್ಟಿ ಮಾಡಿ, ನಾಡಕಚೇರಿಗೆ ಪಾಲಕರೊಡನೆ ಒಮ್ಮೆ ಹೋಗಿ ಬರುವ ಹಿರಿಯರು ಯಾವ ತರಬೇತಿ ಕೇಂದ್ರಕ್ಕಿಂತಲೂ ಹೆಚ್ಚಿನ ಉಪಕಾರ ಮಾಡಿದಂತೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಮನೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ಮತ್ತೆ ಪರೀಕ್ಷೆಗೆ ಕೂರಿಸುವುದೂ ಇದೇ ಬಗೆಯ ಕೆಲಸ. ಅವರ ಮನೆಗೆ ಹೋಗಿ ತಂದೆತಾಯಿಯೊಡನೆ ಮಾತಾಡಲು ಊರಿನಲ್ಲಿ ನಿಮ್ಮಷ್ಟು ಹಕ್ಕುಳ್ಳವರು ಬೇರೆ ಇಲ್ಲ. ಮದುವೆಯ ಮಾತು ನಡೆದಿದೆ, ಹುಡುಗಿಗೆ ಹದಿನೆಂಟು ತುಂಬಿಲ್ಲ ಎಂದು ತಿಳಿದರೆ, ಮೊದಲು ಮನೆಯವರಿಗೆ ತಿಳಿಸಿ ಹೇಳಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಅರ್ಜಿ ಬರೆಯುವುದು, ಕಾನೂನಿನ ದಾರಿ ತೋರಿಸುವುದು ನಿಮಗೆ ಒಗ್ಗುವಂತಿದ್ದರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅರೆ ಕಾನೂನು ಸ್ವಯಂಸೇವಕರ ಆಯ್ಕೆ ಯಾವಾಗ ನಡೆಯುತ್ತದೆಂದು ಕೇಳಿ. ಆ ಯೋಜನೆಯಲ್ಲಿ ನಿವೃತ್ತ ಶಿಕ್ಷಕರನ್ನೂ ತೆಗೆದುಕೊಳ್ಳಬಹುದೆಂದು ಹೇಳಲಾಗಿದೆ, ತರಬೇತಿಯನ್ನೂ ಕೊಡುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು ಎಂಬ ಒಂದು ಸಂಗತಿಯನ್ನು ಊರಿಗೆಲ್ಲ ಮುಟ್ಟಿಸಿದರೂ ಸಾಕು, ಎಷ್ಟೋ ಮನೆಗಳಿಗೆ ದಾರಿ ಕಾಣುತ್ತದೆ.

ಊರಿನ ನೆನಪನ್ನು ಬರೆದಿಡುವುದು

ನಿಂತು ಕಲಿಸುವ ಶಕ್ತಿ ಇಲ್ಲದವರಿಗೂ, ಗದ್ದಲ ಬೇಡವೆನ್ನುವವರಿಗೂ ಇದು ಒಳ್ಳೆಯ ಕೆಲಸ. ಮರಾಠಿಯ ಪ್ರಾಬಲ್ಯದ ನಡುವೆ ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೋರಾಡಿ ಕನ್ನಡ ಶಾಲೆಗಳನ್ನು ತೆರೆಸಿದ ನಾಡು ಇದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ನಮ್ಮ ಹಳೆಯ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆಗಳ ದಾಖಲಾತಿ ವಹಿಗಳಲ್ಲಿ ಮೂರು ತಲೆಮಾರಿನ ಹೆಸರುಗಳಿವೆ, ಅವುಗಳಲ್ಲಿ ಹಲವು ಗೆದ್ದಲು ತಿನ್ನುತ್ತಿವೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಶಾಲೆಯಲ್ಲಿಯೇ ಕೂತು, ಆ ಪುಟಗಳ ಫೋಟೋ ತೆಗೆದು, ಶಾಲೆ ಆರಂಭವಾದ ವರ್ಷ, ಮೊದಲ ಹೆಣ್ಣುಮಗು ಸೇರಿದ ವರ್ಷ, ಕಟ್ಟಡಕ್ಕೆ ಜಾಗ ಕೊಟ್ಟವರು ಇವನ್ನು ಬರೆದಿಡಿ. ವಹಿಯನ್ನು ಮಾತ್ರ ಎಂದಿಗೂ ಮನೆಗೆ ತರಬೇಡಿ, ಮಕ್ಕಳ ಜಾತಿ ಮತ್ತು ಜನ್ಮದಿನಾಂಕದ ವಿವರಗಳನ್ನು ಯಾರಿಗೂ ಹಂಚಬೇಡಿ.

ಶಾಲೆಯ ಆಚೆಗೂ ಊರಿಗೊಂದು ಕಥೆ ಇರುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವನ್ನು ನಾಡೆಲ್ಲ ನೆನೆಯುತ್ತದೆ, ಆದರೆ ನಿಮ್ಮ ಊರಿನ ಕೆರೆ ತೋಡಿದವರು ಯಾರು, ಬರಗಾಲದಲ್ಲಿ ಗಂಜಿ ಹಾಕಿದವರು ಯಾರು ಎಂಬುದನ್ನು ಎಂಬತ್ತು ದಾಟಿದ ಇಬ್ಬರೋ ಮೂವರೋ ಮಾತ್ರ ಬಲ್ಲರು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಹೇಳುವವರ ಒಪ್ಪಿಗೆ, ಹೆಸರು, ವಯಸ್ಸು, ದಿನಾಂಕಗಳನ್ನು ಮೊದಲಿಗೇ ಹೇಳಿಸಿ. ಬೀಸುವ ಪದ, ಸೋಬಾನದ ಪದಗಳನ್ನು ಬರೆದುಕೊಳ್ಳುವಾಗ ಹಾಡಿದ ಹಾಗೆಯೇ ಬರೆಯಿರಿ. "ಹೋಗ್ಯಾನ" ಎಂದು ಹಾಡಿದ್ದನ್ನು "ಹೋಗಿದ್ದಾನೆ" ಎಂದು ತಿದ್ದುವುದು ನಮ್ಮ ಕೈಗೆ ಹತ್ತಿದ ಚಟ, ಇಲ್ಲಿ ಆ ಕೆಂಪು ಪೆನ್ನನ್ನು ಕೆಳಗಿಡಬೇಕು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ನಿಮ್ಮ ಸಂಗ್ರಹದ ಒಂದು ಪ್ರತಿಯನ್ನು ಅಲ್ಲಿ ತೋರಿಸಿ, ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲಿಡಿ.

ವಿಜ್ಞಾನ ಹೇಳಿದವರು ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗುವ ಶಿಕ್ಷಕರ ಜೊತೆಗೆ ಹೋಗಬಹುದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ಸಿಕ್ಕಿತು. ಬೆಳಗಿನ ಹೊತ್ತು ಹೋಗಿ, ಮಕ್ಕಳಿಗೆ ಎಣಿಸಲು ಹೇಳಿ. ಸ್ಪಷ್ಟವಾಗಿ ಓದುವ ಧ್ವನಿ ಇರುವವರು ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪಾಠಗಳನ್ನು ಓದಿ ಮುದ್ರಿಸಿ ಕೊಡಬಹುದು. ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಗದಗಿನಲ್ಲಿ ಈ ಕೆಲಸದ ಬೆಲೆಯನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಮೀರಬಾರದ ಗೆರೆಗಳು

ಮಕ್ಕಳೊಡನೆ ಕೆಲಸ ಮಾಡುವವರು, ಎಷ್ಟೇ ಹಿರಿಯರಾಗಿರಲಿ, ಊರಿಗೆ ಎಷ್ಟೇ ಬೇಕಾದವರಾಗಿರಲಿ, ಕೆಲವು ನಿಯಮಗಳನ್ನು ತಾವೇ ಹಾಕಿಕೊಳ್ಳಬೇಕು. ತರಗತಿ ಯಾವಾಗಲೂ ಬಾಗಿಲು ತೆರೆದ, ಹೊರಗಿನವರಿಗೆ ಕಾಣುವ ಜಾಗದಲ್ಲಿ ನಡೆಯಲಿ. ಒಂದೇ ಮಗುವನ್ನು ಮನೆಗೆ ಕರೆಸಿಕೊಂಡು ಕಲಿಸಬೇಡಿ. ಪಾಲಕರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಮಕ್ಕಳ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಹೊಡೆಯುವುದು, ಕಿವಿ ಹಿಂಡುವುದು ಹಳೆಯ ಕಾಲದಲ್ಲಿ ನಡೆದಿದ್ದರೂ ಈಗ ಕಾನೂನಿಗೆ ವಿರುದ್ಧ, ಮತ್ತು ಅದು ಆಗಲೂ ತಪ್ಪೇ ಆಗಿತ್ತು.

ಹಣದ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಪುಸ್ತಕ ಕೊಡಿಸುತ್ತೇವೆ ಎಂದು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದರೆ, ಅವರೇ ಕೊಂಡು ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟು, ದಾಸ್ತಾನು ವಹಿಯಲ್ಲಿ ನಮೂದು ಮಾಡಿಸಿ, ರಸೀದಿ ತೆಗೆದುಕೊಳ್ಳಲಿ. ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರಬಾರದು. ಪಂಚಾಯಿತಿಯ ಚುನಾವಣೆಗೆ ನಿಲ್ಲುವ ಹಕ್ಕು ನಿಮಗಿದೆ, ಆದರೆ ನಿಲ್ಲುವುದಾದರೆ ತರಗತಿಯನ್ನು ಅದಕ್ಕೂ ಮುಂಚೆ ಬೇರೆಯವರಿಗೆ ಒಪ್ಪಿಸಿಬಿಡಿ. ಇಲ್ಲದಿದ್ದರೆ ಎದುರು ಬಣದ ಮನೆಯ ಮಕ್ಕಳು ಬರುವುದು ನಿಲ್ಲುತ್ತದೆ.

ಐದು ಜನ ಕೂಡಿದರೆ

ಒಬ್ಬರೇ ನಡೆಸುವ ಕೆಲಸ ಒಂದು ಜ್ವರಕ್ಕೆ, ಒಂದು ಮದುವೆಗೆ ನಿಂತುಹೋಗುತ್ತದೆ. ಆರು ತಿಂಗಳ ನಂತರ ಸುತ್ತಲಿನ ಊರುಗಳ ನಾಲ್ಕೈದು ನಿವೃತ್ತರನ್ನು ಸೇರಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಅರವತ್ತು ದಾಟಿದ ಗಂಡಸರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇ 25ರ ರಿಯಾಯಿತಿ ಇದೆ. ಪಕ್ಕದ ಊರಿಗೆ ಹೋಗಿ ಬರುವುದು ಭಾರವಾಗದು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಿ, ಯಾರು ಯಾವ ವಾರ ಊರಿನಲ್ಲಿರುವುದಿಲ್ಲ ಎಂದು ಬರೆದುಕೊಳ್ಳಿ. ಸಂಘವೆಂದು ನೋಂದಾಯಿಸುವ ಅವಸರ ಬೇಡ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂಬ ಮಾತಿನಲ್ಲೇ ಒಳ್ಳೆಯ ಗೆಳೆತನಗಳು ಮುರಿದದ್ದನ್ನು ನೋಡಿದ್ದೇನೆ. ಬ್ಯಾಂಕ್ ಖಾತೆ ತೆರೆಯಲೇಬೇಕಾದ ಕಾಲ ಬಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಕೂಡಿ ನೋಂದಾಯಿಸಬಹುದು.

ಈ ಗುಂಪಿನಲ್ಲಿ ಒಬ್ಬರಾದರೂ ಚಿಕ್ಕ ವಯಸ್ಸಿನವರು ಇರಲಿ. ಬಿ.ಇಡಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿ, ಪದವಿ ಓದುತ್ತಿರುವ ಹುಡುಗ, ನೀವು ಕಲಿಸಿದವರೇ ಯಾರಾದರೂ ಆಗಬಹುದು. ಮೊದಲ ತಿಂಗಳು ಅವರು ಪಕ್ಕದಲ್ಲಿ ಕೂತು ನೋಡಲಿ, ಎರಡನೆಯ ತಿಂಗಳು ಇಬ್ಬರು ಮಕ್ಕಳನ್ನು ಅವರಿಗೆ ಒಪ್ಪಿಸಿ, ಆರನೆಯ ತಿಂಗಳು ನೀವು ಪಕ್ಕದಲ್ಲಿ ಕೂತು ನೋಡಿ, ಬಾಯಿ ಹಾಕಬೇಡಿ. ಮಂಡಿ ನೋವು ಹೆಚ್ಚಾಗಿ, ಕಣ್ಣಿಗೆ ಪೊರೆ ಬಂದು ಹೋಗಲಾಗದ ದಿನ ಒಂದಲ್ಲ ಒಂದು ದಿನ ಬರುತ್ತದೆ. ಅದಕ್ಕಾಗಿ ಹಾಜರಿಯ ನೋಟುಬುಕ್ಕಿನ ಕೊನೆಯ ಪುಟವನ್ನು ಈಗಿನಿಂದಲೇ ತುಂಬುತ್ತಿರಿ: ಕೋಣೆಯ ಬೀಗದ ಕೈ ಯಾರ ಮನೆಯಲ್ಲಿದೆ, ಯಾವ ಪುಸ್ತಕ ಯಾವ ಮಗುವಿನ ಬಳಿ ಇದೆ, ಯಾರನ್ನು ಮನೆಯಿಂದ ಕರೆದುಕೊಂಡು ಬರಬೇಕಾಗುತ್ತದೆ, ಯಾವ ಮಗು ಯಾವ ಒತ್ತಕ್ಷರದಲ್ಲಿ ನಿಂತಿದೆ.